250 ಕೆವಿಎ ಟಿಸಿ, 20 ಚಾರ್ಜರ್: ಟೈಮರ್ ಸಾಕೇ?

ಗೇಟ್_ನಂ_2: 60 ಮನೆಯ ಅಪಾರ್ಟ್‌ಮೆಂಟಿಗೆ 250 ಕೆವಿಎ ಟಿಸಿ (ಟ್ರಾನ್ಸ್‌ಫಾರ್ಮರ್) ಇದೆ ಅಂದುಕೊಳ್ಳಿ. ಸಂಜೆ ಲೋಡ್ 170 ಕೆವಿಎ, ನಡುರಾತ್ರಿ 70. ಇಪ್ಪತ್ತು ಜನ ಎಲೆಕ್ಟ್ರಿಕ್ ಕಾರಿಗೆ 7.4 ಕಿಲೋವ್ಯಾಟ್ ಚಾರ್ಜರ್ ಕೇಳಿದರೆ, ರಾತ್ರಿ 10ರ ಮೇಲೆ ಟೈಮರ್ ಇಟ್ಟರೆ ಸಾಲದೇ?

ಕೆವಿಎ_ಲೆಕ್ಕ: ಸಾಲದು ಸರ್. 70ಕ್ಕೆ 148 ಕೂಡಿದರೆ 218, ಮಿತಿಯೊಳಗೇ ಇದೆ ಅನ್ನಿಸುತ್ತದೆ. ಆದರೆ ನೋಡಬೇಕಾದ್ದು ಒಂದೊಂದು ಫೇಸಿನ ಆಂಪಿಯರ್. 433 ವೋಲ್ಟಿನಲ್ಲಿ ಈ ಟಿಸಿಗೆ ಫೇಸಿಗೆ 333. ಚಾರ್ಜರ್ ಸಿಂಗಲ್ ಫೇಸ್, 32 ಎಳೆಯುತ್ತದೆ. ಆರ್, ವೈ, ಬಿ ಎಂಬ ಮೂರು ಫೇಸಿನಲ್ಲಿ ಕೈಗೆ ಸುಲಭ ಅಂತ ಆರ್ ಫೇಸಿಗೇ ಹತ್ತು ಕಟ್ಟಿದರೆ ಅವೇ 320, ಮನೆಗಳದ್ದು 93 ಬೇರೆ. ಟಿಸಿಯೊಳಗಿನ ತಂತಿ ಸುರುಳಿ (ವೈಂಡಿಂಗ್) ಗಂಟೆಗಟ್ಟಲೆ ಬಿಸಿಯಾಗುತ್ತಲೇ ಇರುತ್ತದೆ. ನ್ಯೂಟ್ರಲ್ ಜಾಯಿಂಟ್ ಸಡಿಲವಿದ್ದರಂತೂ ಉಳಿದ ಫೇಸಿನ ಮನೆಗಳಲ್ಲಿ ವೋಲ್ಟೇಜ್ ಏರಿ ಟಿವಿ, ಫ್ರಿಜ್ ಸುಡುತ್ತವೆ. 7-7-6 ಅಂತ ಮೂರೂ ಫೇಸಿಗೆ ಹಂಚಿದರೂ, ಏಳಿರುವ ಫೇಸಿನಲ್ಲಿ ಮನೆಗಳದ್ದೂ ಸೇರಿ 317. ಪಂಪ್, ಲಿಫ್ಟಿಗೆ ಉಳಿಯುವುದು 16.

ಫೀಡರ್_8: ಹಾಗಾದರೆ 500 ಕೆವಿಎ ಹಾಕಿಸುವುದೇ ನೇರ ದಾರಿ.

ಕೆವಿಎ_ಲೆಕ್ಕ: ಟಿಸಿಯೊಂದೇ ಅಲ್ಲವಲ್ಲ, ಕೇಬಲ್, ಮೇನ್ ಬ್ರೇಕರ್, ಹೆಚ್ಚುವರಿ ಲೋಡಿನ ಮಂಜೂರಾತಿ, ಡಿಪಾಸಿಟ್ ಎಲ್ಲ ಬರುತ್ತವೆ. ಅದಕ್ಕೆ ಮೊದಲು ಲೋಡ್ ಹಂಚುವ ಕಂಟ್ರೋಲರ್ ನೋಡಿ. ಮೇನ್ ಇನ್‌ಕಮರಿನ (ಟಿಸಿಯಿಂದ ಒಳಬರುವ ಮುಖ್ಯ ಲೈನಿನ) ಮೂರೂ ಫೇಸಿಗೆ ಸಿಟಿ, ಅಂದರೆ ಆಂಪಿಯರ್ ಅಳೆಯುವ ಕರೆಂಟ್ ಟ್ರಾನ್ಸ್‌ಫಾರ್ಮರ್, ಹಾಕಿ ಫೇಸಿಗೆ ಮಿತಿ 300 ಆಂಪಿಯರ್ ಇಡಿ. ಸಂಜೆ ಮನೆಗಳು ಫೇಸಿಗೆ 227 ತಿಂದರೂ 73 ಉಳಿಯುತ್ತದೆ, ಅಂದರೆ ಆ ಫೇಸಿನ ಏಳು ಕಾರಿಗೆ ತಲಾ 10. ಮೂರು ಗಂಟೆಗೆ ಸುಮಾರು 7 ಯೂನಿಟ್, ಊರೊಳಗಿನ 40 ಕಿಲೋಮೀಟರಿಗೆ ಧಾರಾಳ. ನಡುರಾತ್ರಿ ತಾನಾಗಿಯೇ ಏರುತ್ತದೆ.

ಪಿನ್_ಕಂದು: 16 ಆಂಪಿಯರ್ ಸಾಕೆಟ್ಟಿಗೆ ಪೋರ್ಟಬಲ್ ಚಾರ್ಜರ್ ಸಿಕ್ಕಿಸುವವರ ಮೇಲೆ ಕಂಟ್ರೋಲರಿನ ಹಿಡಿತವಿರದು. ಆರು ಗಂಟೆ ಒಂದೇ ಸಮ 15 ಆಂಪಿಯರ್ ಹರಿದರೆ ಸಡಿಲವಾದ ಸಾಕೆಟ್ಟಿನಲ್ಲಿ ಪಿನ್ ಕಂದಾಗುತ್ತದೆ, ಪ್ಲಾಸ್ಟಿಕ್ ಮೆತ್ತಗಾಗುತ್ತದೆ. ಅವರು 10ಕ್ಕೆ ಇಳಿಸಿಕೊಳ್ಳಲಿ.

ಫೀಡರ್_8: ಕಂಟ್ರೋಲರಿನ ನೆಟ್‌ವರ್ಕ್ ಬಿದ್ದರೆ?

ಕೆವಿಎ_ಲೆಕ್ಕ: ಸಂಪರ್ಕ ತಪ್ಪಿದೊಡನೆ ಪ್ರತಿ ಚಾರ್ಜರ್ 6 ಆಂಪಿಯರಿಗೆ ಇಳಿಯುವಂತೆ ಮೊದಲೇ ಸೆಟ್ ಮಾಡಿರಬೇಕು. ಎಸಿ ಚಾರ್ಜಿಂಗಿನಲ್ಲಿ ಅದಕ್ಕಿಂತ ಕೆಳಗೆ ಇಲ್ಲ, ನಿಲ್ಲಿಸಬೇಕಷ್ಟೆ. ಕೂರಿಸಿದ ದಿನವೇ ಒಂದೊಂದು ಫೇಸಿನಲ್ಲೂ 2 ಕಿಲೋವ್ಯಾಟ್ ಗೀಸರ್ ಹಾಕಿ, ಪರದೆಯಲ್ಲಿ ಅದೇ ಫೇಸಿನ ಅಂಕಿ 8–9 ಏರಿತೇ ನೋಡಿ. ಆರ್ ಫೇಸಿನ ಸಿಟಿ ವೈ ಫೇಸಿನ ಮೇಲೆ ಕೂತಿದ್ದರೆ ಕಂಟ್ರೋಲರ್ ತುಂಬಿದ ಫೇಸಿಗೇ ಇನ್ನಷ್ಟು ಬಿಡುತ್ತದೆ.

ಗೇಟ್_ನಂ_2: ಮುಂದೆ 40 ಚಾರ್ಜರ್ ಆದರೆ?

ಕೆವಿಎ_ಲೆಕ್ಕ: ಒಂದು ಫೇಸಿಗೆ 14, ತಲಾ 6 ಅಂದರೂ 84. ಸಂಜೆ 73ರಲ್ಲಿ ಹನ್ನೆರಡು ಓಡುತ್ತವೆ, ಎರಡು ಸರದಿಯಲ್ಲಿ ಕಾಯುತ್ತವೆ. ಸಂಜೆಯ ಮನೆ ಲೋಡ್ 200 ಕೆವಿಎ ದಾಟಿದಾಗ ಫೀಡರ್_8 ಅವರ ಮಾತು ಸರಿ, ಆಗ ಟಿಸಿ ಬದಲಿಸಿ.