ಸಹಾಯ ಬೇಕು: ಹಳೇ ಧನುಷ್ಕೋಟಿಯ ಫೋಟೋ ಇದೆಯಾ?

ಎಲ್ಲರಿಗೂ ನಮಸ್ಕಾರ. ಹೋದ ವಾರ ತಮಿಳುನಾಡಿನ ರಾಮೇಶ್ವರದ ಹತ್ತಿರ ಇರೋ ಧನುಷ್ಕೋಟಿಗೆ ಹೋಗಿದ್ದೆ. ಪಾಳುಬಿದ್ದ ಚರ್ಚಿನ ಗೋಡೆ ಮುಟ್ಟಿ ನೋಡಿದೆ. ಹವಳದ ಕಲ್ಲು, ತೂತು ತೂತು, ಕೈಗೆಲ್ಲ ಮರಳು. ಮೇಲೆ ಸೂರೇ ಇಲ್ಲ. 1964ರ ಡಿಸೆಂಬರ್‌ನ ಚಂಡಮಾರುತ ಇಡೀ ಊರನ್ನೇ ಅಳಿಸಿಬಿಟ್ಟಿತು. ಪಾಂಬನ್‌ನಿಂದ ಬರುತ್ತಿದ್ದ ರೈಲೂ ಕೊಚ್ಚಿಹೋಯಿತು. ಅದಕ್ಕೂ ಮುಂಚೆ ಅಲ್ಲಿಂದ ಶ್ರೀಲಂಕಾದ ತಲೈಮನ್ನಾರಿಗೆ ಹಡಗು ಹೋಗುತ್ತಿತ್ತು, ಅಷ್ಟು ಗಿಜಿಗುಡುವ ಊರು!

ನಮ್ಮಜ್ಜಿ ಮದುವೆಯಾದ ಹೊಸದರಲ್ಲಿ ರಾಮೇಶ್ವರ ಯಾತ್ರೆಗೆ ಹೋದಾಗ ಅಲ್ಲೇ ಸಮುದ್ರಸ್ನಾನ ಮಾಡಿದ್ದರಂತೆ. ನಾನು ತೆಗೆದ ಫೋಟೋ ನೋಡಿ, 'ಇದಲ್ಲ ಕಣೋ ಆ ಊರು' ಅಂತ ಕಣ್ಣೊರೆಸಿಕೊಂಡರು.

ನಿಮ್ಮ ಮನೆಯ ಹಳೇ ಆಲ್ಬಮ್‌ನಲ್ಲೋ ಟ್ರಂಕಿನಲ್ಲೋ ಆ ಕಾಲದ ಧನುಷ್ಕೋಟಿಯ ಫೋಟೋ, ಕಾಗದ, ರೈಲು ಟಿಕೆಟ್ ಏನಾದರೂ ಇದ್ದರೆ ದಯವಿಟ್ಟು ಇಲ್ಲಿ ಹಾಕಿ. ಮಸುಕಾಗಿದ್ದರೂ ಪರವಾಗಿಲ್ಲ. ಅಜ್ಜಿಗೆ ತೋರಿಸಬೇಕು.