ಅಪ್‌ಡೇಟ್: ರಸ್ತೆಬದಿ ಗಿಡದ ಹಣ ವಾಪಸ್ ಬರುತ್ತಿದೆ

ಹೋದ ತಿಂಗಳು ಕೇಳಿದ್ದೆ, ನೆನಪಿದೆ ಅಲ್ವಾ? ಕಾಸರಗೋಡು ಜಿಲ್ಲೆಯ ನಮ್ಮ ಲೇಔಟಿನ ರಸ್ತೆಬದಿ ಗಿಡ ನೆಡಲು ನಗರಸಭೆ ಹಣ ಕಟ್ಟಿಸಿಕೊಂಡಿತ್ತು. ಎರಡು ಮಳೆಗಾಲ ಕಳೆದರೂ ಒಂದು ಗಿಡ ಬಂದಿರಲಿಲ್ಲ, ಏನು ಮಾಡಲಿ ಅಂತ ಕೇಳಿದ್ದೆ.

ನೀವು ಹೇಳಿದಂತೆ 10 ರೂಪಾಯಿ ಕಟ್ಟಿ, 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕನ್ನಡದಲ್ಲೇ ಅರ್ಜಿ ಹಾಕಿದೆ. 30 ದಿನದೊಳಗೆ ಉತ್ತರ ಬಂತು, ಅದೂ ಕನ್ನಡದಲ್ಲಿ. ತುಂಬಾ ಖುಷಿಯಾಯಿತು. ಆದರೆ ಅದರಲ್ಲಿ ಗಿಡದ ಲೆಕ್ಕವೇ ಇರಲಿಲ್ಲ. ಆ ಕಾಗದ ತೋರಿಸಿದ ಮೇಲೆ ನಗರಸಭೆಯವರು ಒಪ್ಪಿದರು: ಗಿಡ ನಾವೇ ನೆಟ್ಟು ಮೂರು ವರ್ಷ ನೋಡಿಕೊಳ್ಳಬೇಕು, ಹಣ ವಾಪಸ್. ಬರೆದು ಕೊಟ್ಟಿದ್ದಾರೆ.

ಇಲ್ಲಿ ಮೇಲೆ ಒಂದಡಿ ಮಣ್ಣು, ಕೆಳಗೆಲ್ಲ ಮುರಕಲ್ಲು (ಗಟ್ಟಿ ಕೆಂಪು ಕಲ್ಲು). ಸುಮ್ನೆ ಹೊಂಡ ತೋಡಿದರೆ ಬೇರು ಇಳಿಯುವುದಿಲ್ಲ. ಕಲ್ಲು ಒಡೆಸಿ, ಮೂರಡಿ ಆಳಕ್ಕೆ ಮಣ್ಣು, ಹಟ್ಟಿಗೊಬ್ಬರ ತುಂಬಿಸುತ್ತಿದ್ದೇನೆ. ಹೊಂಗೆ, ನೇರಳೆ ಸಸಿ ತಂದಾಗಿದೆ. ಜೂನ್ ಮಳೆ ಹಿಡಿದ ಕೂಡಲೇ ನೆಡುತ್ತೇವೆ.