ಸೂಪರ್ ಫ್ಯಾಮಿಕಾಮ್, ಮೆಗಾ ಡ್ರೈವ್ ಎರಡಕ್ಕೂ ಒಂದೇ ಅಡಾಪ್ಟರ್ ಸಾಕೇ?

ಕಾರ್ಟ್ರಿಜ್_ಪೆಟ್ಟಿಗೆ:
ಜಪಾನಿನ ಎರಡು ವಿಡಿಯೋ ಗೇಮ್ ಕನ್ಸೋಲ್‌ಗಳಿವೆ: 1990ರ ಸೂಪರ್ ಫ್ಯಾಮಿಕಾಮ್ ಮತ್ತು ಮೆಗಾ ಡ್ರೈವ್‌ನ ಮೊದಲ ಮಾದರಿ. ಎರಡರ ಮೂಲ ಅಡಾಪ್ಟರ್‌ಗಳೂ 100 ವೋಲ್ಟ್‌ನವು, ನನ್ನಲ್ಲಿರುವ ಲೈನ್ 230 ವೋಲ್ಟ್. ಮೆಗಾ ಡ್ರೈವ್‌ಗೆ ಆರ್‌ಜಿಬಿ (ಕೆಂಪು, ಹಸಿರು, ನೀಲಿ ಬೇರೆಬೇರೆಯಾಗಿ ಬರುವ ಚಿತ್ರ ಸಿಗ್ನಲ್) ಆಂಪ್ಲಿಫೈಯರ್ ಬೋರ್ಡ್ ಬೆಸೆದು, ಫ್ಲ್ಯಾಶ್ ಕಾರ್ಟ್ರಿಜ್ (ಮೆಮೊರಿ ಕಾರ್ಡಿನಿಂದ ಆಟ ಓಡಿಸುವ ಕಾರ್ಟ್ರಿಜ್) ಬಳಸುವ ಯೋಚನೆಯಿದೆ.
1. ಎರಡಕ್ಕೂ 9 ವೋಲ್ಟ್, 2 ಆಂಪ್‌ನ ಒಂದೇ ಅಡಾಪ್ಟರ್ ನಡೆಯುತ್ತದೆಯೇ? ಸೂಪರ್ ಫ್ಯಾಮಿಕಾಮ್ ಅಡಾಪ್ಟರ್ ಮೇಲೆ 10 ವೋಲ್ಟ್, 850 ಮಿಲಿಆಂಪ್ ಎಂದಿದೆ.
2. ಅಮೆರಿಕದ ಎನ್‌ಇಎಸ್‌ನ (ನಿಂಟೆಂಡೊದ ಹಳೆಯ ಕನ್ಸೋಲ್) 9 ವೋಲ್ಟ್ ಅಡಾಪ್ಟರ್ ಸಿಗುವಂತಿದೆ, ಪಿನ್ ಕೂಡ ಕೂರುತ್ತದೆ. ಟ್ರಾನ್ಸ್‌ಫಾರ್ಮರ್ ಮೂಲಕ ಅದನ್ನೇ ಹಾಕಬಹುದೇ?
3. ಒಳಗಿನ 7805 (ವೋಲ್ಟೇಜನ್ನು 5ಕ್ಕೆ ಇಳಿಸುವ, ಹೆಚ್ಚಿನದನ್ನು ಶಾಖವಾಗಿ ಬಿಡುವ ರೆಗ್ಯುಲೇಟರ್ ಬಿಡಿಭಾಗ) ತೆಗೆದು ಸ್ವಿಚಿಂಗ್ ರೆಗ್ಯುಲೇಟರ್ (ವೇಗವಾಗಿ ಆನ್-ಆಫ್ ಆಗುತ್ತ ಕಡಿಮೆ ಶಾಖದಲ್ಲಿ ಅದೇ ಕೆಲಸ ಮಾಡುವುದು) ಹಾಕಿದರೆ ಲಾಭವಿದೆಯೇ?

ಬೆಸುಗೆ_ಕಡ್ಡಿ:
ಎರಡನೇ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಕನ್ಸೋಲ್ ಸುಡುವುದು ಅಲ್ಲೇ. ಆ ಅಡಾಪ್ಟರ್ ಹಾಕಬೇಡಿ. ಎನ್‌ಇಎಸ್ ಅಡಾಪ್ಟರ್ ಕೊಡುವುದು 9 ವೋಲ್ಟ್ ಎ.ಸಿ. ಅದನ್ನು ಡಿ.ಸಿ. ಮಾಡುವ ಬ್ರಿಡ್ಜ್ ರೆಕ್ಟಿಫೈಯರ್ ಎನ್‌ಇಎಸ್‌ನ ಒಳಗಿದೆ. ಸೂಪರ್ ಫ್ಯಾಮಿಕಾಮ್‌ನಲ್ಲಾಗಲಿ ಮೆಗಾ ಡ್ರೈವ್‌ನಲ್ಲಾಗಲಿ ಅದಿಲ್ಲ, ಅವಕ್ಕೆ ಡಿ.ಸಿ.ಯೇ ಬರಬೇಕು. ಎ.ಸಿ. ಕೊಟ್ಟರೆ ಮೊದಲು ಹೋಗುವುದು ಒಳಹರಿವಿನ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್, ಹಿಂದೆಯೇ ರೆಗ್ಯುಲೇಟರ್. ಇದಕ್ಕೆ ತಿರುಗಾಮುರುಗಾ ನಡೆಯುತ್ತದೆ: ಎನ್‌ಇಎಸ್‌ಗೆ ಡಿ.ಸಿ. ಕೊಟ್ಟರೆ ಬ್ರಿಡ್ಜ್ ಇರುವುದರಿಂದ ಯಾವ ಧ್ರುವವಾದರೂ ಪರವಾಗಿಲ್ಲ.

ಪಿನ್ ಕೂತಿತು ಅಂದರೆ ಹೊಂದಿತು ಅಂತ ಅಲ್ಲ. ಬೇರೆ ಕನ್ಸೋಲ್ ಕೈಗೆ ಬಂದರೂ ಇದೇ ಪರೀಕ್ಷೆ ಮಾಡಿ: ಕರೆಂಟಿಲ್ಲದೆ ತೆರೆದಿಟ್ಟು, ಮಲ್ಟಿಮೀಟರನ್ನು ಬೀಪ್ ಮೋಡ್‌ಗೆ ಹಾಕಿ. ಒಂದು ಕಡ್ಡಿ 7805ರ ಲೋಹದ ಬೆನ್ನಿಗೆ (ಅದೇ ಗ್ರೌಂಡ್), ಇನ್ನೊಂದು ಜ್ಯಾಕ್‌ನ ಮಧ್ಯದ ಪಿನ್ನಿಗೆ. ಬೀಪ್ ಬಂದರೆ ಮಧ್ಯ ನೆಗೆಟಿವ್. ಹೊರಗಿನ ಭಾಗಕ್ಕೆ ಬೀಪ್ ಬಂದರೆ ಮಧ್ಯ ಪಾಸಿಟಿವ್. ಎರಡಕ್ಕೂ ಬರದಿದ್ದರೆ ನಡುವೆ ಬ್ರಿಡ್ಜ್ ಇರುವ ಸಾಧ್ಯತೆ ಹೆಚ್ಚು. ನಿಮ್ಮ ಎರಡೂ ಕನ್ಸೋಲ್‌ಗಳು ಮಧ್ಯ ನೆಗೆಟಿವ್, 5.5 × 2.1 ಮಿ.ಮೀ. ಪಿನ್.

ಒಂದನೇ ಪ್ರಶ್ನೆಗೆ: ನಡೆಯುತ್ತದೆ. ಎರಡರ ಒಳಗೂ 7805 ಇದೆ, ಅದು ಬಂದದ್ದನ್ನು 5 ವೋಲ್ಟ್‌ಗೆ ಇಳಿಸುತ್ತದೆ. ಅದಕ್ಕೆ ಒಳಗೆ ಕನಿಷ್ಠ 7 ವೋಲ್ಟ್ ಬೇಕು. 9 ಕೊಟ್ಟರೆ ಸಾಕಷ್ಟು ಅಂತರವಿದೆ, 10ಕ್ಕಿಂತ ಬಿಸಿಯೂ ಕಡಿಮೆ. ಲೆಕ್ಕ ಸರಳ: ಕನ್ಸೋಲ್ ಅರ್ಧ ಆಂಪ್ ಎಳೆಯುತ್ತದೆಂದುಕೊಳ್ಳಿ. 10 ವೋಲ್ಟ್‌ನಲ್ಲಿ (10 − 5) × 0.5, ಅಂದರೆ 2.5 ವಾಟ್ ಶಾಖ. 9ರಲ್ಲಿ 2 ವಾಟ್. 12 ಹಾಕಿದರೆ 3.5 ವಾಟ್, ಹೀಟ್‌ಸಿಂಕ್ ಮುಟ್ಟಲಾಗದಷ್ಟು ಕಾಯುತ್ತದೆ, ಸ್ವಲ್ಪ ಹೊತ್ತಿನ ಮೇಲೆ 7805 ತನ್ನಷ್ಟಕ್ಕೆ ಬಂದ್ ಆಗಿ ಆಟ ನಿಲ್ಲಬಹುದು. ಬಿಸಿ ತಗ್ಗಲಿ ಅಂತ 7.5ಕ್ಕೆ ಇಳಿಯಬೇಡಿ. ದಾರಿಯಲ್ಲಿ ಡಯೋಡ್ ಇದ್ದರೆ 0.7 ವೋಲ್ಟ್ ಅಲ್ಲೇ ಹೋಗಿ 6.8 ಉಳಿಯುತ್ತದೆ, ಅಷ್ಟು ಸಾಲದು.

ಅಡಾಪ್ಟರಿನ ಆಂಪ್ ಹೆಚ್ಚಿದ್ದರೆ ಭಯವಿಲ್ಲ, ಕನ್ಸೋಲ್ ತನಗೆ ಬೇಕಾದಷ್ಟೇ ಎಳೆಯುತ್ತದೆ. ಗಿಟಾರ್ ಪೆಡಲ್ ಅಡಾಪ್ಟರ್‌ಗಳು ಬಹುತೇಕ 9 ವೋಲ್ಟ್, ಮಧ್ಯ ನೆಗೆಟಿವ್, ಇದೇ ಪಿನ್. ಆದರೆ ಅವುಗಳಲ್ಲಿ ಕೆಲವು ಬರೀ 100–500 ಮಿಲಿಆಂಪ್, ಲೇಬಲ್ ನೋಡಿ. 2.5 ಮಿ.ಮೀ. ತೂತಿನ ಪ್ಲಗ್ ಕೂಡ ಈ ಜ್ಯಾಕ್‌ಗೆ ಹೋಗುತ್ತದೆ, ಆದರೆ ಸಡಿಲ. ತಂತಿ ಅಲುಗಿದಾಗಲೆಲ್ಲ ಆಟ ರೀಸೆಟ್ ಆಗುತ್ತದೆ.

ಓಮ್_ಮಾಪಕ:
ಮೇಲಿನದಕ್ಕೆ ಒಂದು ಸೇರ್ಪಡೆ. ಪ್ಲಗ್ ತುದಿ ಬದಲಿಸಬಹುದಾದ ಯೂನಿವರ್ಸಲ್ ಅಡಾಪ್ಟರ್ ಬೇಡ. ಮೆಗಾ ಡ್ರೈವ್‌ನ ಎರಡನೇ ಮಾದರಿ 10 ವೋಲ್ಟ್, ಮಧ್ಯ ಪಾಸಿಟಿವ್, ಸಣ್ಣ ಪಿನ್. ಆ ಪಿನ್‌ನ ಅಳತೆ ಬೇರೆ ಇರುವುದರಿಂದಲೇ ಮೂಲ ಅಡಾಪ್ಟರ್‌ಗಳು ಅದಲುಬದಲಾಗುವುದಿಲ್ಲ. ತುದಿ ಬದಲಾಯಿಸಿದರೆ ಆ ರಕ್ಷಣೆಯೇ ಹೋಯಿತು.

ಹಳೆಯ ಟ್ರಾನ್ಸ್‌ಫಾರ್ಮರ್ ಮಾದರಿಯ ಅಡಾಪ್ಟರ್ ಕೊಳ್ಳುವುದಾದರೆ, ಮೀಟರ್‌ನಲ್ಲಿ 9ರ ಬದಲು 13 ಕಂಡರೆ ಗಾಬರಿಯಾಗಬೇಡಿ. ಅದು ರೆಗ್ಯುಲೇಟ್ ಆಗದ ಅಡಾಪ್ಟರ್, ಹೊರೆ ಬಿದ್ದಾಗ ವೋಲ್ಟೇಜ್ ಇಳಿಯುತ್ತದೆ. ಆದರೆ 100 ವೋಲ್ಟ್‌ನ ಮೂಲ ಅಡಾಪ್ಟರನ್ನು ನೇರ 230ಕ್ಕೆ ಚುಚ್ಚಿದರೆ ಕೋರ್ ಸ್ಯಾಚುರೇಟ್ ಆಗಿ ಪ್ರೈಮರಿ ಸುರುಳಿ ಸುಡುತ್ತದೆ. ಸುಡುವ ಮೊದಲು ಹೊರಬರುವ ವೋಲ್ಟೇಜ್ ಕನ್ಸೋಲ್‌ನ ಕೆಪಾಸಿಟರ್ ತಡೆಯುವುದಕ್ಕಿಂತ ಹೆಚ್ಚಿರಬಹುದು.

ಈಗ ಮೂರನೇ ಪ್ರಶ್ನೆ. ಮೊದಲ ಮಾದರಿ ಮೆಗಾ ಡ್ರೈವ್‌ನಲ್ಲಿ ಎರಡು 7805ಗಳು ಕೆಲಸ ಹಂಚಿಕೊಂಡಿರುತ್ತವೆ. ಆರ್‌ಜಿಬಿ ಬೋರ್ಡ್, ಫ್ಲ್ಯಾಶ್ ಕಾರ್ಟ್ರಿಜ್ ಇಷ್ಟಕ್ಕೆ ಅವೇ ಸಾಕು. ಬದಲಿಸುವ ಮುನ್ನ ಅಳೆಯಿರಿ: ಮೀಟರನ್ನು 10 ಆಂಪ್ ರೇಂಜಿನಲ್ಲಿ ಅಡಾಪ್ಟರಿನ ಪಾಸಿಟಿವ್ ತಂತಿಗೆ ಸರಣಿಯಲ್ಲಿ ಸೇರಿಸಿ, ಮಾಡ್ (ನೀವು ಹೊಸದಾಗಿ ಬೆಸೆಯುವ ಬೋರ್ಡ್) ಇಲ್ಲದೆ ಒಮ್ಮೆ, ಮಾಡ್ ಆದ ಮೇಲೆ ಒಮ್ಮೆ. ಅಳತೆಯ ಒಂದೂವರೆ ಪಟ್ಟು ಅಡಾಪ್ಟರಿನಲ್ಲಿರಲಿ. ಆಮೇಲೆ ಅಕ್ಷರವಿರುವ ಮುಖ ನಿಮ್ಮ ಕಡೆಗಿರುವಂತೆ 7805 ನೋಡಿದರೆ ಎಡದ ಕಾಲು ಒಳಹರಿವು, ನಡುವಿನದು ಗ್ರೌಂಡ್, ಬಲದ್ದು ಹೊರಹರಿವು. ಆಟ ನಡೆಯುವಾಗ ಎಡದಲ್ಲಿ 7.5ಕ್ಕಿಂತ ಕೆಳಗೆ ಇಳಿಯಬಾರದು, ಬಲದಲ್ಲಿ 4.8ರಿಂದ 5.2ರ ಒಳಗಿರಬೇಕು.

ಬದಲಿಸಲೇಬೇಕೆಂದರೆ ಟ್ರೇಕೋ ಟಿಎಸ್‌ಆರ್ 1-2450 ಅದೇ ಮೂರು ಕಾಲಿನ ಕ್ರಮದಲ್ಲಿ ಬರುತ್ತದೆ, 6.5 ವೋಲ್ಟ್‌ನಿಂದ ಕೆಲಸ ಮಾಡುತ್ತದೆ, 1 ಆಂಪ್ ಕೊಡುತ್ತದೆ. ಒಳಹರಿವಿನ ಕಾಲಿಗೆ ಹತ್ತಿರವೇ 22 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ. ಎರಡು 7805ಗಳ ಹೊರಹರಿವನ್ನು ಒಂದಕ್ಕೊಂದು ಸೇರಿಸಬೇಡಿ. ಶಾಖ ಖಂಡಿತ ಇಳಿಯುತ್ತದೆ, ಆದರೆ ಸ್ವಿಚಿಂಗ್ ಗದ್ದಲ ಚಿತ್ರಕ್ಕೋ ಧ್ವನಿಗೋ ಸೇರುವ ಅಪಾಯ ಬರುತ್ತದೆ. ಮುಖ್ಯ ಉದ್ದೇಶ ಚೆನ್ನಾದ ಆರ್‌ಜಿಬಿ ಚಿತ್ರ ಆಗಿರುವಾಗ 7805ನ್ನೇ ಇಟ್ಟುಕೊಂಡು, ಹೀಟ್‌ಸಿಂಕ್‌ನ ಒಣಗಿದ ಪೇಸ್ಟ್ ಒರೆಸಿ ಹೊಸದು ಹಚ್ಚುವುದು ನನಗೆ ಮೇಲು.

ಕಾರ್ಟ್ರಿಜ್_ಪೆಟ್ಟಿಗೆ:
ಧನ್ಯವಾದ. ಹಾಗಾದರೆ 7805 ಮುಟ್ಟುವುದಿಲ್ಲ. ಇನ್ನೊಂದು: ಚಿತ್ರದಲ್ಲಿ ಗೆರೆ ಬಂದರೆ ಅದು ಅಡಾಪ್ಟರಿಂದಲೋ ಅಲ್ಲವೋ ತಿಳಿಯುವುದು ಹೇಗೆ? ಸೆಗಾ ಸ್ಯಾಟರ್ನ್‌ಗೂ ಇದೇ ಅಡಾಪ್ಟರ್ ಉಪಾಯ ನಡೆಯುತ್ತದೆಯೇ?

ಬೆಸುಗೆ_ಕಡ್ಡಿ:
ಅಲುಗದೆ ನಿಂತ ಲಂಬ ಗೆರೆಗಳಾದರೆ ಸಾಮಾನ್ಯವಾಗಿ ಬೋರ್ಡಿನ ಒಳಗಿನ ಸಿಗ್ನಲ್ ಸೋರಿಕೆ, ಅಡಾಪ್ಟರ್ ಬದಲಿಸಿ ಫಲವಿಲ್ಲ. ಅಡ್ಡಲಾಗಿ ಅಗಲವಾದ ಮಬ್ಬು ಪಟ್ಟಿ ಬಂದರೆ ರಿಪಲ್, ಅಂದರೆ ಅಡಾಪ್ಟರಿನ ಡಿ.ಸಿ.ಯಲ್ಲಿ ಉಳಿದ ಏರಿಳಿತ. 60 ಹರ್ಟ್ಸ್ ಲೈನ್‌ನಲ್ಲಿ ಅದು ನಿಧಾನವಾಗಿ ಸರಿಯುತ್ತದೆ, 50 ಹರ್ಟ್ಸ್ ಲೈನ್‌ನಲ್ಲಿ ಅದುರುತ್ತದೆ, ಏಕೆಂದರೆ ಜಪಾನಿನ ಕನ್ಸೋಲ್‌ನ ಚಿತ್ರ 60 ಹರ್ಟ್ಸ್. ಟ್ರಾನ್ಸ್‌ಫಾರ್ಮರ್ ಅಡಾಪ್ಟರಿನಲ್ಲಿ ಹೀಗಾದರೆ ಒಳಗಿನ ಕೆಪಾಸಿಟರ್ ಒಣಗಿದೆ. ಸಣ್ಣ ಓರೆ ಗೆರೆಗಳು ಜೋಳದ ತೆನೆಯ ಸಾಲಿನಂತೆ ಹರಿದರೆ ಅಗ್ಗದ ಸ್ವಿಚಿಂಗ್ ಅಡಾಪ್ಟರನ್ನು ಅನುಮಾನಿಸಿ.

ಸ್ಯಾಟರ್ನ್‌ಗೆ ಅಡಾಪ್ಟರೇ ಇಲ್ಲ, ಮೇನ್ಸ್ ನೇರ ಒಳಕ್ಕೆ ಬರುತ್ತದೆ. 100 ವೋಲ್ಟ್ ರೆಕ್ಟಿಫೈ ಆದರೆ ಸುಮಾರು 141, 230 ಆದರೆ ಸುಮಾರು 325. ಮೊದಲಿನದಕ್ಕೆ ಆರಿಸಿದ ಕೆಪಾಸಿಟರ್ ಎರಡನೆಯದನ್ನು ತಾಳದೆ ಸಿಡಿಯುತ್ತದೆ. ಅದಕ್ಕೆ 230ರಿಂದ 100ಕ್ಕೆ ಇಳಿಸುವ ಟ್ರಾನ್ಸ್‌ಫಾರ್ಮರ್ ಹಾಕಿ, 100 ವಿ.ಎ. ಧಾರಾಳ. ಪ್ಲಗ್ ತೆಗೆದ ಮೇಲೂ ಆ ದೊಡ್ಡ ಕೆಪಾಸಿಟರಿನಲ್ಲಿ ಚಾರ್ಜ್ ಉಳಿದಿರುತ್ತದೆ. ಅಳೆದು ಸೊನ್ನೆ ಕಂಡಮೇಲೆಯೇ ಕೈ ಹಾಕಿ.

ಓಮ್_ಮಾಪಕ:
ನಿಂಟೆಂಡೊ 64 ಇದ್ದರೆ ಇನ್ನೂ ಸುಲಭ. ಹಿಂದಿನಿಂದ ಕಳಚಿ ತೆಗೆಯುವ ವಿದ್ಯುತ್ ಪೆಟ್ಟಿಗೆಯ ಹೊರಹರಿವು ಎಲ್ಲ ಪ್ರದೇಶಗಳಲ್ಲೂ 3.3 ಮತ್ತು 12 ವೋಲ್ಟ್. ಯುರೋಪಿನ ಪೆಟ್ಟಿಗೆ ಜಪಾನಿನ ಕನ್ಸೋಲ್‌ಗೆ ಹಾಗೇ ಕೂರುತ್ತದೆ, ಒಳಗೆ ಏನೂ ಬೆಸೆಯಬೇಕಿಲ್ಲ.